ಹಿಂಬಾಗಿಲ ಸೆನ್ಸರಿನ ಸೆಲ್ ಪದೇ ಪದೇ ಇಳಿಯುತ್ತಿದ್ದುದೇಕೆ? ರಾಯಚೂರಿನ ಬೀಜದ ಗೋದಾಮೊಂದರ ಪ್ರಕರಣ

ರಾಯಚೂರಿನ ಗಂಜ್ ಭಾಗದಲ್ಲಿ ಬೀಜ, ಗೊಬ್ಬರ ಮತ್ತು ಕೀಟನಾಶಕಗಳನ್ನು ಸಗಟಾಗಿ ಮಾರುವ ಅಂಗಡಿಯೊಂದಿದೆ. ಮುಂದೆ ಎರಡು ಷಟರಿನ ಅಂಗಡಿ, ಅದಕ್ಕೆ ಹೊಂದಿಕೊಂಡು ಲೆಕ್ಕದ ಕೋಣೆ, ಹಿಂದೆ ತಗಡಿನ ಮಾಡಿನ ಉದ್ದನೆಯ ಗೋದಾಮು, ಗೋದಾಮಿನ ಕೊನೆಗೆ ಲಾರಿಗಳು ನಿಲ್ಲುವ ಓಣಿಯತ್ತ ತೆರೆಯುವ ಕಬ್ಬಿಣದ ಬಾಗಿಲು. ಇಲ್ಲಿ ಹಾಕಿರುವ ವೈರ್‌ಲೆಸ್ ಅಲಾರಂ ವ್ಯವಸ್ಥೆಯಲ್ಲಿ ಒಂದು ಮುಖ್ಯ ಪ್ಯಾನೆಲ್, ಒಂದು ಕೀಪ್ಯಾಡ್, ಬಾಗಿಲು ಮತ್ತು ಷಟರ್‌ಗಳಿಗೆ, ಎದುರಿನ ಮ್ಯಾಗ್ನೆಟ್ ದೂರ ಸರಿದರೆ ಬಾಗಿಲು ತೆರೆಯಿತೆಂದು ತಿಳಿಸುವ ಮ್ಯಾಗ್ನೆಟ್ ಸೆನ್ಸರ್‌ಗಳು, ಒಳಗಿನ ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್‌ಗಳು, ಒಂದು ಹೊಗೆ ಪತ್ತೆ ಸಾಧನ ಮತ್ತು ಹೊರಗೋಡೆಯ ಸೈರನ್ ಇವೆ. ಎಲ್ಲ ಸೆನ್ಸರ್‌ಗಳಿಗೂ ಒಂದೇ ದಿನ ಹೊಸ ಸೆಲ್ ಹಾಕಿ ಚಾಲೂ ಮಾಡಲಾಗಿತ್ತು. ಮುಂಭಾಗದ ಷಟರಿನ ಸೆನ್ಸರ್ ಮೂರನೆಯ ವರ್ಷದಲ್ಲೂ ಅದೇ ಸೆಲ್ಲಿನ ಮೇಲೆ ನಡೆಯುತ್ತಿದ್ದರೆ, ಹಿಂಬಾಗಿಲಿನ ಸೆನ್ಸರ್ ಮಾತ್ರ ಕೆಲವೇ ತಿಂಗಳಿಗೊಮ್ಮೆ ಹೊಸ ಸೆಲ್ ಕೇಳುತ್ತಿತ್ತು.

ಮೊದಲ ಸಲ ಗುಮಾಸ್ತರು ಸೆಲ್ ಬದಲಿಸಿದರು. ಎರಡನೆಯ ಸಲವೂ ಬದಲಿಸಿದರು. ಮೂರನೆಯ ಸಲ ಕೀಪ್ಯಾಡ್ ಕೂಗತೊಡಗಿದಾಗ, ಬಿತ್ತನೆಯ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲವಾದ್ದರಿಂದ, ಆ ಬಾಗಿಲನ್ನೇ ವ್ಯವಸ್ಥೆಯ ಕಾವಲಿನಿಂದ ಹೊರಗಿಟ್ಟು ಅಲಾರಂ ಹಾಕುವ ರೂಢಿ ಮಾಡಿಕೊಂಡರು. ಅಂದರೆ, ಹತ್ತಿ ಮತ್ತು ತೊಗರಿ ಬೀಜದ ದಾಸ್ತಾನು ಮಾಡಿನವರೆಗೆ ಏರುವ ಮೇ–ಜುಲೈ ತಿಂಗಳುಗಳಲ್ಲಿ, ಓಣಿಯ ಕಡೆಯಿಂದ ಯಾರು ಬಂದರೂ ಸುಲಭವಾಗಿ ಒಡೆಯಬಹುದಾದ ಏಕೈಕ ಬಾಗಿಲಿಗೆ ರಾತ್ರಿ ಕಾವಲಿರಲಿಲ್ಲ. ಕಳ್ಳತನ ಆಗಲಿಲ್ಲವೆಂಬುದು ನೆಮ್ಮದಿಯ ವಿಷಯ. ಆದರೆ ಕೆಲವು ನೂರು ರೂಪಾಯಿಯ ಸೆಲ್ಲಿನ ತಕರಾರು ಲಕ್ಷಾಂತರ ರೂಪಾಯಿಯ ಮಾಲನ್ನು ಇಡೀ ಹಂಗಾಮು ಬಯಲಿಗಿಟ್ಟಿತ್ತು ಎಂಬುದೇ ಈ ಪ್ರಕರಣವನ್ನು ಬರೆದಿಡಲು ಕಾರಣ. ಹಂಗಾಮು ಮುಗಿದ ಮೇಲೆ ವ್ಯವಸ್ಥೆಯನ್ನು ಪೂರ್ತಿಯಾಗಿ ಪರೀಕ್ಷಿಸಲು ಮಾಲೀಕರು ನನ್ನನ್ನು ಕರೆಸಿದರು. ಬಾಗಿಲಲ್ಲೇ ಎದುರಾದ ಗುಮಾಸ್ತರು ಕೇಳಿದ್ದು ಇಷ್ಟು: “ಹೊಸಾ ಸೆಲ್ ಹಾಕಿದ್ರೂ ಮತ್ತ ಯಾಕ್ರೀ ಕುಂಯ್ ಕುಂಯ್ ಅಂತದ? ಸೆನ್ಸರೇ ಕೆಟ್ಟದೇನ್ರಿ?”

ಎಚ್ಚರಿಕೆ ಬರುವ ಬಗೆ

ಸೆನ್ಸರ್ ಕೆಟ್ಟಿದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ‘ಬ್ಯಾಟರಿ ಲೋ’ ಎಂಬ ಎಚ್ಚರಿಕೆ ಎಲ್ಲಿಂದ ಹೊರಡುತ್ತದೆ ಎಂಬುದನ್ನು ತಿಳಿದಿರಬೇಕು. ಪ್ಯಾನೆಲ್ಲಿಗೆ ದೂರದ ಸೆಲ್ಲಿನ ಸ್ಥಿತಿ ನೇರವಾಗಿ ಗೊತ್ತಾಗುವುದಿಲ್ಲ. ಪ್ರತಿಯೊಂದು ಸೆನ್ಸರ್ ತನ್ನ ಸೆಲ್ಲಿನ ವೋಲ್ಟೇಜನ್ನು ತಾನೇ ಅಳೆದು, ಅದು ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ, ತಾನು ಕಳುಹಿಸುವ ಸಂದೇಶದ ಜೊತೆಗೆ ಆ ಸೂಚನೆಯನ್ನೂ ಸೇರಿಸುತ್ತದೆ. ಬಾಗಿಲು ತೆರೆದಾಗ, ಮುಚ್ಚಿದಾಗ ಮಾತ್ರವಲ್ಲದೆ, ‘ನಾನಿದ್ದೇನೆ’ ಎಂದು ತಿಳಿಸಲು ಸೆನ್ಸರ್ ನಿಗದಿತ ಅವಧಿಗೊಮ್ಮೆ ಹಾಜರಿ ಸಂದೇಶವನ್ನೂ ಕಳುಹಿಸುತ್ತಿರುತ್ತದೆ. ಸುಮ್ಮನಿರುವಾಗ ಸೆನ್ಸರ್ ಎಳೆಯುವ ಕರೆಂಟು ಕೆಲವೇ ಮೈಕ್ರೊಆಂಪಿಯರ್. ಸಂದೇಶ ಕಳುಹಿಸುವ ಕ್ಷಣದಲ್ಲಿ ಅದು ಹತ್ತಾರು ಮಿಲಿಆಂಪಿಯರ್‌ಗೆ ಏರುತ್ತದೆ. ಆದ್ದರಿಂದ ಸೆಲ್ಲಿನ ಆಯುಷ್ಯವನ್ನು ನಿರ್ಧರಿಸುವುದು ಎಷ್ಟು ಸಲ ಮಾತಾಡಿತು ಮತ್ತು ಪ್ರತಿ ಸಲ ಎಷ್ಟು ಹೊತ್ತು ಮಾತಾಡಬೇಕಾಯಿತು ಎಂಬುದೇ ಹೊರತು ಕ್ಯಾಲೆಂಡರ್ ಅಲ್ಲ.

ಇಲ್ಲಿನ ಸೆನ್ಸರ್‌ಗಳು ಬಳಸುವುದು ಸಿಆರ್123ಎ ಎಂಬ 3 ವೋಲ್ಟಿನ ಲಿಥಿಯಂ ಸೆಲ್. ಇದರ ಸಾಮರ್ಥ್ಯ ಸುಮಾರು 1500 ಮಿಲಿಆಂಪಿಯರ್ ಗಂಟೆ. ಗೋಡೆ ಗಡಿಯಾರಕ್ಕೆ ಹಾಕುವ ಆಲ್ಕಲೈನ್ ಸೆಲ್ ಬಳಸಿದಷ್ಟೂ ನಿಧಾನವಾಗಿ ವೋಲ್ಟೇಜ್ ಇಳಿಸಿಕೊಳ್ಳುತ್ತ ಬರುತ್ತದೆ. ಲಿಥಿಯಂ ಸೆಲ್ ಹಾಗಲ್ಲ, ಬಹುಕಾಲ ಒಂದೇ ಮಟ್ಟದಲ್ಲಿ ನಿಂತಿದ್ದು ಕೊನೆಯಲ್ಲಿ ಬೇಗನೆ ಕುಸಿಯುತ್ತದೆ. ಅದಕ್ಕಾಗಿಯೇ ಎಚ್ಚರಿಕೆ ಬಂದ ಮೇಲೆ ಉಳಿಯುವ ಕಾಲ ಕೆಲವು ವಾರಗಳಷ್ಟೇ ಎಂದು ಎಣಿಸಿಕೊಂಡು ನಡೆಯುವುದು ಕ್ಷೇಮ. ಕೂಗುವ ಕೀಪ್ಯಾಡಿನ ಒಂದು ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ, ಸೆಲ್ಲಿನ ಇಳಿತ ನಿಲ್ಲುವುದಿಲ್ಲ.

ಸೆಲ್ಲಿನ ಪರೀಕ್ಷೆ

ಮೊದಲು ಸೆಲ್ಲಿನ ಮೇಲೆಯೇ ಅನುಮಾನಪಟ್ಟೆವು. ಗುಮಾಸ್ತರು ಹಿಂಬಾಗಿಲಿನಿಂದ ತೆಗೆದ ಹಳೆಯ ಸೆಲ್, ಊರಿನ ಅಂಗಡಿಯೊಂದರಿಂದ ತಂದು ಡ್ರಾಯರಿನಲ್ಲಿ ಇಟ್ಟಿದ್ದ ಹೊಸ ಸೆಲ್, ಮತ್ತು ತಯಾರಿಕೆಯ ದಿನಾಂಕ ನೋಡಿ ನಾನು ತಂದಿದ್ದ ಸೆಲ್, ಈ ಮೂರನ್ನೂ ಲೆಕ್ಕದ ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಿಡಿದಾಗ ಕ್ರಮವಾಗಿ 2.9, 3.1 ಮತ್ತು 3.2 ವೋಲ್ಟ್ ತೋರಿಸಿದವು. ಇಷ್ಟೇ ನೋಡಿದ್ದರೆ ಮೂರೂ ಚೆನ್ನಾಗಿವೆ ಎನ್ನಬೇಕಾಗಿತ್ತು, ಗುಮಾಸ್ತರು ಹಾಗೆಯೇ ಅಂದರು ಕೂಡ. ಆದರೆ ಭಾರವಿಲ್ಲದೆ, ಅಂದರೆ ಸೆಲ್ಲಿನಿಂದ ಕರೆಂಟು ಎಳೆಯದೆ, ಅಳೆದ ವೋಲ್ಟೇಜ್ ಲಿಥಿಯಂ ಸೆಲ್ಲಿನ ವಿಷಯದಲ್ಲಿ ಹೆಚ್ಚೇನನ್ನೂ ಹೇಳುವುದಿಲ್ಲ. 100 ಓಮ್‌ನ ರೆಸಿಸ್ಟರ್ ಒಂದನ್ನು ಎರಡೂ ತುದಿಗೆ ಸೇರಿಸಿ, ಅಂದರೆ ಸೆನ್ಸರ್ ಸಂದೇಶ ಕಳುಹಿಸುವಾಗ ಎಳೆಯುವಷ್ಟೇ, ಸುಮಾರು 30 ಮಿಲಿಆಂಪಿಯರ್ ಕರೆಂಟನ್ನು ಎಳೆಯುತ್ತ ಮತ್ತೆ ಅಳೆದೆವು. ಹಳೆಯ ಸೆಲ್ ಕಣ್ಣೆದುರೇ 2.2ಕ್ಕೆ ಇಳಿಯಿತು. ಡ್ರಾಯರಿನ ‘ಹೊಸ’ ಸೆಲ್ 2.6ರ ಹತ್ತಿರ ಬಂದು ಅಲ್ಲಿಂದಲೂ ಮೆಲ್ಲಗೆ ಜಾರುತ್ತಿತ್ತು. ನಾನು ತಂದಿದ್ದ ಸೆಲ್ ಮಾತ್ರ 2.9ರ ಮೇಲೆ ಗಟ್ಟಿಯಾಗಿ ನಿಂತಿತು.

ಡ್ರಾಯರಿನ ಸೆಲ್ಲಿನ ಮೇಲೆ ತಯಾರಿಕೆಯ ದಿನಾಂಕವಾಗಲಿ, ಬಳಕೆಯ ಗಡುವಾಗಲಿ ಇರಲಿಲ್ಲ. ಅದು ಬಹುಕಾಲ ಬಿಸಿಲಿನ ಕಪಾಟಿನಲ್ಲಿ ಕುಳಿತ ಸರಕೋ, ಅಥವಾ ಮೂಲದಲ್ಲೇ ಕಳಪೆ ಸರಕೋ, ಎರಡರಲ್ಲಿ ಒಂದಿರಬೇಕು. ಒಳ್ಳೆಯ ಲಿಥಿಯಂ ಸೆಲ್ ಕೋಣೆಯ ತಾಪದಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲಾಗಿರುವ ರಾಯಚೂರಿನಲ್ಲಿ, ಗಾಜಿನ ಶೋಕೇಸಿನ ಒಳಗಿನ ತಾಪ ಅದಕ್ಕಿಂತ ಬಹಳ ಹೆಚ್ಚಿರುತ್ತದೆ, ಆ ತಾಪ ಸೆಲ್ಲನ್ನು ಬಳಸದೆಯೇ ಇಳಿಸುತ್ತದೆ. ಬೀಜದ ಚೀಲದ ಮೇಲಿನ ದಿನಾಂಕ ನೋಡದೆ ಒಂದು ಪ್ಯಾಕೆಟ್ಟನ್ನೂ ಮಾರದ ಅಂಗಡಿಯವರು ಸೆಲ್ ಕೊಳ್ಳುವಾಗಲೂ ಅದೇ ಕಣ್ಣಿನಿಂದ ನೋಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಂಡೆ.

ಇನ್ನೊಂದು ಅಪಾಯವನ್ನೂ ಇಲ್ಲೇ ಹೇಳಬೇಕು. ಇದೇ ಗಾತ್ರದಲ್ಲಿ ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನ್ ಸೆಲ್‌ಗಳೂ ಸಿಗುತ್ತವೆ. ಅವು ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ತಲುಪುತ್ತವೆ; 3 ವೋಲ್ಟಿಗೆ ರೂಪಿಸಿದ ಸರ್ಕ್ಯೂಟ್ ಅದರಿಂದ ಸುಟ್ಟುಹೋಗಬಹುದು. ಉಳಿತಾಯವೆಂದು ಯಾರಾದರೂ ಸೂಚಿಸಿದರೂ ಅವನ್ನು ಹಾಕಬಾರದು.

ಕಳಪೆ ಸೆಲ್ ಒಂದು ಕಾರಣವೆಂಬುದು ಖಚಿತವಾಯಿತು, ಆದರೆ ಅಷ್ಟಕ್ಕೆ ಸಮಾಧಾನವಾಗುವಂತಿರಲಿಲ್ಲ. ವ್ಯವಸ್ಥೆ ಕೂಡಿಸಿದಾಗ ಹಿಂಬಾಗಿಲಿಗೆ ಹಾಕಿದ್ದ ಮೊದಲ ಸೆಲ್ ಉಳಿದೆಲ್ಲ ಸೆನ್ಸರ್‌ಗಳಿಗೆ ಹಾಕಿದ್ದ ಕಟ್ಟಿನದೇ ಆಗಿತ್ತು. ಅದೂ ವರ್ಷ ತುಂಬುವ ಮೊದಲೇ ಇಳಿದಿತ್ತು.

ಪ್ಯಾನೆಲಿನ ದಾಖಲೆ ಹೇಳಿದ್ದು

ಪ್ಯಾನೆಲ್ ತನ್ನ ಪ್ರತಿಯೊಂದು ಘಟನೆಯನ್ನೂ ಸಮಯದೊಂದಿಗೆ ಬರೆದಿಟ್ಟುಕೊಳ್ಳುತ್ತದೆ. ಬೆಲ್ ಹೊಡೆದ ದಿನ ಬಿಟ್ಟರೆ ಆ ದಾಖಲೆಯನ್ನು ತೆರೆದು ನೋಡುವವರು ಬಹಳ ಕಡಿಮೆ, ಆದರೆ ಇಂಥ ತೊಂದರೆಯ ಬೇರು ಬಹುಪಾಲು ಅಲ್ಲಿಯೇ ಸಿಗುತ್ತದೆ. ಇಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು.

ಮೊದಲನೆಯದು, ಜೂನ್ ಮತ್ತು ಜುಲೈ ತಿಂಗಳ ಹಗಲು ಹೊತ್ತಿನಲ್ಲಿ ಹಿಂಬಾಗಿಲು ತೆರೆದು ಮುಚ್ಚಿದ ದಾಖಲೆಗಳ ಉದ್ದನೆಯ ಸಾಲು. ಒಂದು ಜೋಡಿಗೂ ಮುಂದಿನ ಜೋಡಿಗೂ ನಡುವೆ ಕೆಲವೊಮ್ಮೆ ಎರಡು ಮೂರು ಸೆಕೆಂಡುಗಳ ಅಂತರವಷ್ಟೇ. ಹಮಾಲರು ಎಷ್ಟೇ ಚುರುಕಾಗಿದ್ದರೂ ಅಷ್ಟು ಬೇಗ ಬಾಗಿಲು ತೆಗೆದು ಹಾಕಲಾರರು. ಬಾಗಿಲ ಬಳಿ ಹೋಗಿ ನೋಡಿದಾಗ ವಿಷಯ ತಿಳಿಯಿತು. ಹಗಲಿನಲ್ಲಿ ಆ ಬಾಗಿಲಿಗೆ ಅಗುಳಿ ಹಾಕುವುದಿಲ್ಲ, ಸುಮ್ಮನೆ ಮುಂದಕ್ಕೆಳೆದು ಬಿಟ್ಟಿರುತ್ತಾರೆ. ಮುಂಗಾರಿನ ಗಾಳಿ ಬೀಸಿದಾಗ ಅದು ಬೆರಳಗಲದಷ್ಟು ಹಿಂದೆ ಮುಂದೆ ಆಡುತ್ತದೆ. ಸೆನ್ಸರಿಗೂ ಮ್ಯಾಗ್ನೆಟ್ಟಿಗೂ ನಡುವಿನ ಅಂತರ ಮೊದಲೇ ಮಿತಿಯ ಅಂಚಿನಲ್ಲಿತ್ತು. ಮೇಲಾಗಿ ಎರಡನ್ನೂ ನೇರವಾಗಿ ಕಬ್ಬಿಣಕ್ಕೆ ಅಂಟಿಸಲಾಗಿತ್ತು. ಕಬ್ಬಿಣ ಮ್ಯಾಗ್ನೆಟ್ಟಿನ ಸೆಳೆತವನ್ನು ತನ್ನೊಳಗೆ ಎಳೆದುಕೊಳ್ಳುವುದರಿಂದ ಆ ಮಿತಿ ಇನ್ನಷ್ಟು ಕುಗ್ಗಿತ್ತು. ಹೀಗಾಗಿ ಗಾಳಿಯ ಪ್ರತಿ ಬಡಿತಕ್ಕೂ ಸೆನ್ಸರ್ ‘ತೆರೆಯಿತು, ಮುಚ್ಚಿತು’ ಎಂದು ವರದಿ ಕಳುಹಿಸುತ್ತಿತ್ತು. ಹಗಲಿನಲ್ಲಿ ಅಲಾರಂ ಹಾಕಿರುವುದಿಲ್ಲವಾದ್ದರಿಂದ ಸೈರನ್ ಕೂಗುತ್ತಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಲಾರಂ ಹಾಕಿದ್ದರೂ ಹಾಕದಿದ್ದರೂ ಸೆನ್ಸರ್ ಸಂದೇಶ ಕಳುಹಿಸಿಯೇ ತೀರುತ್ತದೆ, ಸೆಲ್ ಖರ್ಚಾಗಿಯೇ ತೀರುತ್ತದೆ.

ಇಲ್ಲಿ ಗುಮಾಸ್ತರು ನ್ಯಾಯವಾದ ಪ್ರಶ್ನೆಯೊಂದನ್ನು ಎತ್ತಿದರು. ಗೋದಾಮಿನ ನಡುವಿನ ಪಿಐಆರ್ ಮುಂದೆ ಹಮಾಲರು ದಿನವಿಡೀ ಓಡಾಡುತ್ತಾರೆ, ಅದರ ಸೆಲ್ ಯಾಕೆ ಇಳಿದಿಲ್ಲ? ಕಾರಣ ಸರಳ. ಆ ಪಿಐಆರ್ ಒಮ್ಮೆ ಚಲನೆಯನ್ನು ವರದಿ ಮಾಡಿದ ಮೇಲೆ, ಎದುರಿಗೆ ಕೆಲವು ನಿಮಿಷ ಯಾವ ಚಲನೆಯೂ ಇಲ್ಲದಿದ್ದರೆ ಮಾತ್ರ ಮುಂದಿನ ವರದಿಗೆ ಸಿದ್ಧವಾಗುವಂತೆ ರೂಪಿಸಲಾಗಿದೆ. ಜನ ಬಿಡದೆ ಓಡಾಡುವ ಹೊತ್ತಿನಲ್ಲಿ ಅದು ಬಹುತೇಕ ಸುಮ್ಮನೇ ಇರುತ್ತದೆ. ಬಾಗಿಲಿನ ಸೆನ್ಸರಿಗೆ ಅಂಥ ವಿಶ್ರಾಂತಿಯಿಲ್ಲ, ಏಕೆಂದರೆ ಬಾಗಿಲು ಈಗ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಪ್ಯಾನೆಲ್ಲಿಗೆ ಪ್ರತಿ ಕ್ಷಣವೂ ತಿಳಿದಿರಬೇಕು.

ದಾಖಲೆಯ ಎರಡನೆಯ ಸಂಗತಿ ಬರೆದ ಸಾಲುಗಳಲ್ಲಿರಲಿಲ್ಲ, ಬರೆಯದೆ ಉಳಿದ ಸಾಲುಗಳಲ್ಲಿತ್ತು. ‘ಮುಖ್ಯ ವಿದ್ಯುತ್ ಕಡಿತ’ ಎಂಬ ನಮೂದಿನ ನಂತರ ಕೆಲವು ನಿಮಿಷಗಳಲ್ಲಿ ದಾಖಲೆ ನಿಂತುಬಿಡುತ್ತಿತ್ತು. ಮುಂದಿನ ನಮೂದು ಗಂಟೆಗಳ ನಂತರದ್ದು, ‘ವ್ಯವಸ್ಥೆ ಮರು ಆರಂಭ’ ಎಂದು. ಕರೆಂಟು ಹೋದ ಕೂಡಲೇ ಪ್ಯಾನೆಲ್ಲೇ ಸತ್ತುಹೋಗುತ್ತಿತ್ತು ಎಂದು ಇದರರ್ಥ. ಪ್ಯಾನೆಲಿನ ಮುಚ್ಚಳ ತೆಗೆದಾಗ, ಕರೆಂಟು ಹೋದಾಗ ಅದನ್ನು ನಡೆಸಬೇಕಾದ ಒಳಗಿನ 12 ವೋಲ್ಟ್, 7 ಆಂಪಿಯರ್ ಗಂಟೆಯ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿಯ ಎರಡೂ ಬದಿ ಉಬ್ಬಿ, ಪೆಟ್ಟಿಗೆಯ ತಗಡಿಗೆ ಒತ್ತಿಕೊಂಡು ಕುಳಿತಿತ್ತು; ಅದನ್ನು ಹೊರಗೆಳೆಯಲು ಬಲ ಹಾಕಬೇಕಾಯಿತು. ಪ್ಯಾನೆಲ್ಲಿಗೆ ಕರೆಂಟು ಕೊಡುವ ಅಡಾಪ್ಟರ್ ತೆಗೆದಾಗ ಬ್ಯಾಟರಿಯ ವೋಲ್ಟೇಜ್ ನೋಡನೋಡುತ್ತಲೇ 10.5ಕ್ಕಿಂತ ಕೆಳಗಿಳಿಯಿತು. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಯಿತೆಂದು ಪರಿಗಣಿಸುವ ಮಟ್ಟವೇ ಅದು.

ಈ ಬ್ಯಾಟರಿ ಯಾಕೆ ಸತ್ತಿತೆಂಬುದಕ್ಕೆ ಬೇರೆ ವಿಚಾರಣೆ ಬೇಕಿರಲಿಲ್ಲ. ಪ್ಯಾನೆಲ್ಲನ್ನು ಗೋದಾಮಿನೊಳಗೆ, ಮಧ್ಯಾಹ್ನದ ಬಿಸಿಲು ನೇರವಾಗಿ ಕಾಯಿಸುವ ಗೋಡೆಗೆ, ತಗಡಿನ ಮಾಡಿಗೆ ಹತ್ತಿರವಾಗಿ ಕೂಡಿಸಲಾಗಿತ್ತು. ಲೆಡ್ ಆಸಿಡ್ ಬ್ಯಾಟರಿಯ ಬಾಳಿಕೆಯನ್ನು 20–25 ಡಿಗ್ರಿ ತಾಪಕ್ಕೆ ಲೆಕ್ಕ ಹಾಕಿರುತ್ತಾರೆ. ಅಲ್ಲಿಂದ ಮೇಲಕ್ಕೆ ಪ್ರತಿ 10 ಡಿಗ್ರಿಗೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರೂ ನಡೆಸಿಕೊಂಡು ಬಂದಿರುವ ಲೆಕ್ಕ. ತಾಪ ಏರಿದಂತೆ ಚಾರ್ಜಿಂಗ್ ವೋಲ್ಟೇಜನ್ನು ಸ್ವಲ್ಪ ಇಳಿಸಬೇಕು, ಇಳಿಸದಿದ್ದರೆ ಬ್ಯಾಟರಿ ಒಳಗೇ ಒಣಗಿ ಉಬ್ಬುತ್ತದೆ. ಇಲ್ಲಿ ಆದದ್ದೂ ಅದೇ.

ಎರಡೂ ಎಳೆ ಕೂಡುವಲ್ಲಿ

ಪ್ಯಾನೆಲಿನ ದೊಡ್ಡ ಬ್ಯಾಟರಿಗೂ ಹಿಂಬಾಗಿಲಿನ ಪುಟ್ಟ ಸೆಲ್ಲಿಗೂ ಏನು ಸಂಬಂಧವೆಂದು ಮಾಲೀಕರು ಕೇಳಿದರು. ಈ ಪ್ರಕರಣದ ಗಂಟು ಇರುವುದು ಅಲ್ಲಿಯೇ. ಇಲ್ಲಿನ ಸೆನ್ಸರ್‌ಗಳು ಎರಡು ದಿಕ್ಕಿನಲ್ಲೂ ಮಾತಾಡುವ ಬಗೆಯವು: ಸೆನ್ಸರ್ ಸಂದೇಶ ಕಳುಹಿಸುತ್ತದೆ, ‘ತಲುಪಿತು’ ಎಂದು ಪ್ಯಾನೆಲ್ ಉತ್ತರಿಸುತ್ತದೆ, ಆಮೇಲೆ ಸೆನ್ಸರ್ ಸುಮ್ಮನಾಗುತ್ತದೆ. ಉತ್ತರ ಬಾರದಿದ್ದರೆ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಕರೆಂಟು ಹೋಗಿ ಪ್ಯಾನೆಲ್ ಸತ್ತಿರುವ ಗಂಟೆಗಳಲ್ಲಿ ಉತ್ತರ ಕೊಡುವವರೇ ಇಲ್ಲ. ಆ ಹೊತ್ತಿನಲ್ಲಿ ಗಾಳಿಗೆ ಬಾಗಿಲು ಆಡಿದ ಪ್ರತಿ ಸಲವೂ ಸೆನ್ಸರ್ ಒಂದು ಸಂದೇಶಕ್ಕೆ ಬದಲಾಗಿ ಹಲವು ಸಂದೇಶಗಳ ಖರ್ಚನ್ನು ಹೊರಬೇಕಾಯಿತು. ಪ್ಯಾನೆಲ್ ಬದುಕಿದ್ದಾಗಲೂ ಪರಿಸ್ಥಿತಿ ಬಹಳ ಉತ್ತಮವೇನಿರಲಿಲ್ಲ: ಕಬ್ಬಿಣಕ್ಕೆ ಅಂಟಿದ ಸೆನ್ಸರಿನ ಆಂಟೆನಾ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ನಡುವೆ ಮಾಡಿನವರೆಗೆ ಜೋಡಿಸಿದ ಚೀಲಗಳ ಗೋಡೆ ಮತ್ತು ಕಬ್ಬಿಣದ ರ‍್ಯಾಕುಗಳು ಸಿಗ್ನಲ್ಲನ್ನು ತಡೆಯುತ್ತವೆ. ಸಿಗ್ನಲ್ ಮಟ್ಟ ತೋರಿಸುವ ಪರೀಕ್ಷೆಯಲ್ಲಿ ಈ ಸೆನ್ಸರ್ ಅತ್ಯಂತ ಕೆಳಗಿನ ದರ್ಜೆಯಲ್ಲಿತ್ತು. ಉಳಿದ ಸೆನ್ಸರ್‌ಗಳೂ ಪ್ಯಾನೆಲ್ ಸತ್ತಾಗ ಹಾಜರಿ ಸಂದೇಶಕ್ಕಾಗಿ ಹೆಚ್ಚು ಖರ್ಚು ಮಾಡಿರಲೇಬೇಕು. ಆದರೆ ಅವುಗಳಿಗೆ ಗಾಳಿಯ ಕಾಟವೂ ಇರಲಿಲ್ಲ, ಅಷ್ಟು ದೂರವೂ ಇರಲಿಲ್ಲ.

ಹಾಗಾದರೆ ಪ್ಯಾನೆಲ್ ತನ್ನ ಬ್ಯಾಟರಿ ಹೋಗಿದೆಯೆಂದು ಹೇಳಲಿಲ್ಲವೇ? ಹೇಳಿತ್ತು. ಕೀಪ್ಯಾಡಿನಲ್ಲಿ ತೊಂದರೆ ಸೂಚಿಸುವ ಹಳದಿ ದೀಪ ಇರುವುದು ಒಂದೇ. ಹಿಂಬಾಗಿಲಿನ ಸೆಲ್ ಇಳಿದರೂ ಅದೇ ದೀಪ, ಪ್ಯಾನೆಲಿನ ಬ್ಯಾಟರಿ ಸತ್ತರೂ ಅದೇ ದೀಪ. ಗುಂಡಿ ಒತ್ತಿ ಒಳಗಿನ ಪಟ್ಟಿಯನ್ನು ಒಂದೊಂದಾಗಿ ಇಳಿಸುತ್ತ ನೋಡಿದರೆ ಮಾತ್ರ ಯಾವ್ಯಾವ ತೊಂದರೆಗಳಿವೆ ಎಂದು ತಿಳಿಯುತ್ತದೆ. ಹಿಂಬಾಗಿಲಿನ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತಿದ್ದುದರಿಂದ ಎಲ್ಲರೂ ಅಲ್ಲಿಗೇ ನಿಲ್ಲಿಸಿದ್ದರು. “ಆ ಲೈಟು ಯಾವಾಗ್ಲೂ ಇರ್ತದ್ರಿ, ಹಿಂದಿನ ಬಾಗಿಲ್ದಂತ ಬಿಟ್ಟಿದ್ವಿ” ಎಂದು ಗುಮಾಸ್ತರು ಹೇಳಿದಾಗ ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಾಗಲಿಲ್ಲ. ವ್ಯವಸ್ಥೆಯನ್ನು ಒಪ್ಪಿಸುವಾಗ ಆ ಪಟ್ಟಿಯನ್ನು ಕೊನೆಯವರೆಗೆ ಓದುವುದು ಹೇಗೆಂದು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಅಲಾರಂ ಕೂಡಿಸುವವರು ಹಾಕುವುದು, ತೆಗೆಯುವುದು ಎರಡನ್ನು ಕಲಿಸಿ ಹೊರಟುಬಿಡುವುದು ನಮ್ಮ ಕಡೆ ಬಹಳ. ಅರ್ಧ ಗಂಟೆ ಹೆಚ್ಚು ಕುಳಿತು ತೊಂದರೆ ಪಟ್ಟಿಯನ್ನು ಕಲಿಸಿದ್ದರೆ ಇಲ್ಲಿ ಇಡೀ ಹಂಗಾಮು ಬಾಗಿಲು ಬಯಲಾಗುತ್ತಿರಲಿಲ್ಲ.

ಮಾಡಿದ ಕೆಲಸ

ಪ್ಯಾನೆಲ್ಲನ್ನು ಗೋದಾಮಿನ ಬಿಸಿ ಗೋಡೆಯಿಂದ ತೆಗೆದು ಲೆಕ್ಕದ ಕೋಣೆಯೊಳಗೆ, ಗೋದಾಮಿನ ಕಡೆಗಿರುವ ಇಟ್ಟಿಗೆ ಗೋಡೆಗೆ ಕೂಡಿಸಿ, ಅದರ ಅಡಾಪ್ಟರನ್ನು ಇನ್ವರ್ಟರಿನ ಲೈನಿಗೆ ಕೊಟ್ಟೆವು. ಹೊಸ 7 ಆಂಪಿಯರ್ ಗಂಟೆಯ ಬ್ಯಾಟರಿ ಹಾಕಿ, ಒಂದು ದಿನ ಚಾರ್ಜ್ ಆಗಲು ಬಿಟ್ಟು, ಮರುದಿನ ಅಡಾಪ್ಟರ್ ತೆಗೆದಿಟ್ಟು ಸಂಜೆಯವರೆಗೆ ನಡೆಸಿ ನೋಡಿದೆವು. ಬಾಗಿಲಿಗೆ ಹಗಲಿನಲ್ಲೂ ಹಿಡಿದು ನಿಲ್ಲುವ ಕೊಂಡಿಯನ್ನು ಬೆಸುಗೆಯವರಿಂದ ಹಾಕಿಸಲಾಯಿತು. ಸೆನ್ಸರನ್ನು ಕಬ್ಬಿಣದಿಂದ ಬಿಡಿಸಿ ಪಕ್ಕದ ಗೋಡೆಗೆ ಕೂಡಿಸಿ, ಬಾಗಿಲಿನ ಮೇಲಿನ ಮ್ಯಾಗ್ನೆಟ್ಟಿನ ಕೆಳಗೆ ಪ್ಲಾಸ್ಟಿಕ್ ತುಂಡೊಂದನ್ನು ಇಟ್ಟು ಎತ್ತರಿಸಿ, ಎರಡರ ನಡುವಿನ ಅಂತರ ಕಡಿಮೆ ಮಾಡಿದೆವು. ಸಿಗ್ನಲ್ ಮಟ್ಟ ಎರಡು ದರ್ಜೆ ಮೇಲಕ್ಕೆ ಬಂತು.

ಸೆಲ್ ಬದಲಿಸುವ ಕ್ರಮವನ್ನು ಗುಮಾಸ್ತರ ಕೈಯಿಂದಲೇ ಮಾಡಿಸಿದೆ. ಸೆಲ್ ತೆಗೆದರೆ ಸೆನ್ಸರಿನ ಪ್ರೋಗ್ರಾಮ್ ಅಳಿಸಿಹೋಗುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ಆ ಅಂಜಿಕೆಗೆ ಕಾರಣವಿಲ್ಲ, ಸೆನ್ಸರಿನ ಗುರುತು ಕರೆಂಟಿಲ್ಲದೆಯೂ ಉಳಿಯುವ ಮೆಮೊರಿಯಲ್ಲಿರುತ್ತದೆ. ನಿಜವಾಗಿ ಎಚ್ಚರವಹಿಸಬೇಕಾದದ್ದು ಮುಚ್ಚಳದ ವಿಷಯದಲ್ಲಿ. ಸೆನ್ಸರಿನ ಮುಚ್ಚಳ ತೆಗೆದರೆ ಒಳಗಿನ ಪುಟ್ಟ ಸ್ವಿಚ್ ಬಿಟ್ಟುಕೊಂಡು, ಯಾರೋ ಕೈ ಹಾಕಿದ್ದಾರೆಂದು ಸೈರನ್ ಕೂಗುತ್ತದೆ. ಆದ್ದರಿಂದ ಮೊದಲು ಪ್ಯಾನೆಲ್ಲನ್ನು ಸರ್ವಿಸ್ ಮೋಡಿಗೆ, ಅಂದರೆ ಮುಚ್ಚಳ ತೆಗೆದರೂ ಸೈರನ್ ಕೂಗದ ಸ್ಥಿತಿಗೆ, ಹಾಕಬೇಕು. ಹಳೆಯ ಸೆಲ್ ತೆಗೆದ ಮೇಲೆ ಸರ್ಕ್ಯೂಟಿನ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟಿನ ಬಲದ ಮೇಲೆ ಸೆನ್ಸರ್ ಸ್ವಲ್ಪ ಹೊತ್ತು ಬದುಕಿರುತ್ತದೆ. ಆಗಲೇ ಹೊಸ ಸೆಲ್ ಹಾಕಿದರೆ ಕೆಲವೊಮ್ಮೆ ಅದು ಸರಿಯಾಗಿ ಮರು ಆರಂಭವಾಗದೆ ಹಳೆಯ ಎಚ್ಚರಿಕೆಯನ್ನೇ ಹಿಡಿದುಕೊಂಡಿರುತ್ತದೆ. ಆ ಪುಟ್ಟ ಸ್ವಿಚ್ಚನ್ನು ನಾಲ್ಕಾರು ಸಲ ಒತ್ತಿ ಬಿಟ್ಟು, ಒಂದು ನಿಮಿಷ ಕಾದು, ಒಣಬಟ್ಟೆಯಿಂದ ಹಿತ್ತಾಳೆಯ ತುದಿಗಳನ್ನು ಒರೆಸಿ, ಕೂಡು ಮತ್ತು ಕಳೆ ಚಿಹ್ನೆ ನೋಡಿ ಹೊಸ ಸೆಲ್ ಕೂಡಿಸಬೇಕು. ಎರಡು ಸೆಲ್ ಹಿಡಿಯುವ ಸಾಧನವಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಹಳೆಯದರ ಜೊತೆ ಹೊಸದನ್ನು ಕೂಡಿಸಬಾರದು. ಮುಚ್ಚಳ ಹಾಕಿದ ಮೇಲೆ ಬಾಗಿಲು ತೆರೆದು ಮುಚ್ಚಿ, ಸಂದೇಶ ಪ್ಯಾನೆಲ್ಲಿಗೆ ಬಂದು ಎಚ್ಚರಿಕೆ ಅಳಿಸಿತೇ ಎಂದು ನೋಡಿಯೇ ಏಣಿಯಿಂದ ಇಳಿಯಬೇಕು. ಮುಚ್ಚಳದ ಒಳಬದಿಗೆ ಚೀಟಿ ಅಂಟಿಸಿ ದಿನಾಂಕ ಬರೆಯುವ ಕೆಲಸವನ್ನು ಗುಮಾಸ್ತರು ತಾವಾಗಿಯೇ ಶುರು ಮಾಡಿದರು, ಅಂಕೆಗಳು ಲೆಕ್ಕದ ಪುಸ್ತಕದಷ್ಟೇ ಅಚ್ಚುಕಟ್ಟು.

ಹೊಗೆ ಪತ್ತೆ ಸಾಧನದ ಸೆಲ್ ಚೆನ್ನಾಗಿತ್ತು, ಅದರ ಜಾಲರಿಯಲ್ಲಿ ಕೂತಿದ್ದ ಗೋದಾಮಿನ ದೂಳನ್ನು ಮಾತ್ರ ತೆಗೆದೆವು. ಕೀಟನಾಶಕ ತುಂಬಿದ ಗೋದಾಮಿನಲ್ಲಿ ಅದರ ತಯಾರಿಕೆಯ ವರ್ಷವನ್ನೂ ಬರೆದಿಡುವುದು ಅಗತ್ಯ, ಏಕೆಂದರೆ ಸೆಲ್ ಎಷ್ಟೇ ಹೊಸದಿದ್ದರೂ ಹತ್ತು ವರ್ಷ ದಾಟಿದ ಹೊಗೆ ಪತ್ತೆ ಸಾಧನವನ್ನು ನಂಬಬಾರದು.

ಎಲ್ಲ ಸೆಲ್‌ಗಳನ್ನೂ ಒಮ್ಮೆಲೇ ಬದಲಿಸಿಬಿಡಿ ಎಂದು ಮಾಲೀಕರು ಹೇಳಿದರು. ನಾನು ಬೇಡವೆಂದೆ. ಭಾರ ಕೊಟ್ಟು ಅಳೆದಾಗ ಗಟ್ಟಿಯಾಗಿ ನಿಂತ ಸೆಲ್‌ಗಳನ್ನು ಎಸೆಯುವುದರಲ್ಲಿ ಅರ್ಥವಿಲ್ಲ, ಮೇಲಾಗಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವ ಸೆನ್ಸರ್ ಬೇರೆಯವುಗಳಿಗಿಂತ ಬೇಗ ಇಳಿಯುತ್ತಿದೆ ಎಂಬ ಗುರುತೇ ಅಳಿಸಿಹೋಗುತ್ತದೆ. ಅದರ ಬದಲು ಪ್ರತಿ ವರ್ಷ ಏಪ್ರಿಲಿನಲ್ಲಿ, ಬೀಜದ ಲೋಡುಗಳು ಬರುವ ಮೊದಲು, ಎಲ್ಲವನ್ನೂ ಅಳೆಯುವುದೆಂದು ಗೊತ್ತುಪಡಿಸಿದೆವು. ಜೂನ್ ಬಂತೆಂದರೆ ಅರ್ಧಕ್ಕರ್ಧ ಸೆನ್ಸರ್‌ಗಳ ಮುಂದೆ ಚೀಲಗಳು ನಿಂತಿರುತ್ತವೆ, ಏಣಿ ಇಡಲು ಜಾಗವಿರುವುದಿಲ್ಲ, ಎಚ್ಚರಿಕೆ ಬಂದರೂ ಕೈ ತಲುಪುವುದಿಲ್ಲ.

ತೆಗೆದ ಸೆಲ್‌ಗಳ ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಸಿದೆ. ಇಳಿದ ಲಿಥಿಯಂ ಸೆಲ್ಲಿನಲ್ಲೂ ಬೆಂಕಿ ಹತ್ತಿಸುವಷ್ಟು ಶಕ್ತಿ ಉಳಿದಿರುತ್ತದೆ, ಖಾಲಿ ಗೋಣಿಚೀಲಗಳ ಕಸದಲ್ಲಿ ಅದನ್ನು ಎಸೆಯುವುದು ದೊಡ್ಡ ಅಪಾಯ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಜಾರಿಯಾದ ಮೇಲೆ ಇಂಥ ಸಣ್ಣ ಸೆಲ್‌ಗಳೂ ಸೇರಿದಂತೆ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರ ಮೇಲಿದೆ. ಉಬ್ಬಿದ ಲೆಡ್ ಬ್ಯಾಟರಿಯನ್ನು ಹೊಸದು ಕೊಟ್ಟ ಅಂಗಡಿಯವರೇ ವಾಪಸು ಪಡೆದು ಬೆಲೆಯಲ್ಲಿ ಮುರಿದುಕೊಂಡರು.

ಹಿಂಬಾಗಿಲನ್ನು ಮತ್ತೆ ರಾತ್ರಿಯ ಕಾವಲಿಗೆ ಸೇರಿಸಲಾಗಿದೆ. ಮುಂದಿನ ಮುಂಗಾರಿನ ಗಾಳಿಯ ದಿನಗಳು ಕಳೆದ ಮೇಲೆ ದಾಖಲೆಯನ್ನು ತೆಗೆದು ನೋಡಿದಾಗ, ಆ ಬಾಗಿಲಿನ ಹೆಸರಿನ ಮುಂದೆ ಲಾರಿ ಬಂದು ಹೋದ ಹೊತ್ತಿನ ನಮೂದುಗಳಷ್ಟೇ ಇದ್ದವು. ಕರೆಂಟು ಹೋದ ನಮೂದಿನ ಕೆಳಗೂ ಹಾಜರಿ ಸಂದೇಶಗಳು ತಪ್ಪದೆ ಮುಂದುವರಿದಿದ್ದವು. ಅದೇ ಸೆಲ್ ಭಾರ ಕೊಟ್ಟು ಅಳೆದಾಗಲೂ 2.9 ವೋಲ್ಟಿನ ಮೇಲೆಯೇ ನಿಂತಿದೆ.